ಹೊಳಲ್ಕೆರೆ ಯಂತ್ರದ ಕುರಿತು ನನ್ನ ನಿಷ್ಪಕ್ಷಪಾತ ವರದಿ

ಯಾರಾದರೂ ಒಂದು ಮಾತು ಹೇಳಿದರೆ, ಅದಕ್ಕೆ ಎದುರು ಕಡೆಯವರು ಏನನ್ನುತ್ತಾರೆ ಎಂದು ಕೇಳುವವರೆಗೆ ನನಗೆ ಸಮಾಧಾನವಿಲ್ಲ. ಇದನ್ನು ಗುಣವೆಂದು ಬಹಳ ವರ್ಷ ತಿಳಿದಿದ್ದೆ. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಹೆಂಡತಿ ಕೇಳಿದರೆ, ಮಗಳ ಅಭಿಪ್ರಾಯವನ್ನೂ ಪಡೆದು ಉತ್ತರ ಕೊಡುತ್ತೇನೆ. ಅಷ್ಟರಲ್ಲಿ ಸಾರು ಆರಿರುತ್ತದೆ. ಇದೇ ಹೆಂಡತಿಯನ್ನು ನೋಡಲು ರಾಮಗಿರಿಗೆ ಹೋದಾಗ, ಹುಡುಗಿಯ ಮನೆಯವರು ಹೇಳಿದ್ದನ್ನೆಲ್ಲ ಪಕ್ಕದ ಮನೆಯವರ ಹತ್ತಿರ ಖಚಿತಪಡಿಸಿಕೊಂಡು ಬಂದಿದ್ದೆ. ಆ ಸಂಗತಿ ಮದುವೆಯಾದ ಮೂರನೇ ದಿನ ಹೊರಬಿತ್ತು, ಇಂದಿಗೂ ಆಗಾಗ ಹೊರಬೀಳುತ್ತಿರುತ್ತದೆ. ಚಿತ್ರದುರ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷ ಸುದ್ದಿ ಸಂಪಾದಕನಾಗಿದ್ದವನಿಗೆ ಇದಕ್ಕಿಂತ ಬೇರೆ ಸ್ವಭಾವ ಬರುವುದು ಕಷ್ಟ. ಎರಡೂ ಕಡೆಯವರನ್ನು ಕೇಳದೆ ಒಂದು ಸಾಲೂ ಅಚ್ಚಾಗಬಾರದು ಎಂದು ನನ್ನ ಮೇಜಿನ ಹಿಂದಿನ ಗೋಡೆಯ ಮೇಲೆ ನಾನೇ ಬರೆಸಿ ಹಾಕಿದ್ದೆ.

ಎರಡು ಸಾವಿರದ ಎಂಟರ ಸುಮಾರಿಗೆ ನಮ್ಮ ಕಚೇರಿಯ ಹಿಂಬದಿಯ ಕೋಣೆಯಲ್ಲಿ ನಾಲ್ಕು ಸರ್ವರ್‌ಗಳಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದವನು ತಿಪ್ಪೇಸ್ವಾಮಿ. ಅಚ್ಚಿಗೆ ಸೀಸದ ಅಕ್ಷರಮೊಳೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿ, ಮೊಳೆಗಳು ಹೋದ ಮೇಲೆ ಯಾರೂ ಹೇಳಿಕೊಡದೆ ಕಂಪ್ಯೂಟರ್ ಕಲಿತವನು. ಯಂತ್ರಗಳಿಗೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಹೆಸರಿಟ್ಟಿದ್ದ. ಆಯುಧಪೂಜೆಯಲ್ಲಿ ನಾಲ್ಕಕ್ಕೂ ಕುಂಕುಮ ಹಚ್ಚುತ್ತಿದ್ದ. ಹೊಳಲ್ಕೆರೆಗೆ ಮಾತ್ರ ಒಂದು ಹೂವು ಹೆಚ್ಚು. ಅದು ಎಲ್ಲಕ್ಕಿಂತ ಹಳೆಯದು. ಅದರೊಳಗೆ ಸತ್ತವರಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಂಥ ಪತ್ರಿಕೆಯ ಐದನೇ ಪುಟದಲ್ಲಿ ಪುಣ್ಯಸ್ಮರಣೆಯ ಜಾಹೀರಾತುಗಳು ಬರುತ್ತವೆ. ಒಮ್ಮೆ ಹಾಕಿಸಿದ ಮನೆಯವರು ವರ್ಷವರ್ಷವೂ ಅದೇ ತಿಂಗಳು ಬರುತ್ತಾರೆ. ಮೊದಲ ಸಲ ಫೋಟೋ ತರುತ್ತಾರೆ, ಆಮೇಲೆ ತರುವುದಿಲ್ಲ. ಪೇಪರಿನವರ ಹತ್ತಿರ ಇದೆಯಲ್ಲ ಎಂಬ ನಂಬಿಕೆ. ಗೋಡೆಯ ಮೇಲಿನದಕ್ಕೆ ಗೆದ್ದಲು ಹತ್ತಿರುತ್ತದೆ, ಟ್ರಂಕಿನಲ್ಲಿದ್ದದ್ದು ಮನೆ ಬದಲಿಸುವಾಗ ಕಳೆದಿರುತ್ತದೆ. ಹಾಗಾಗಿ ನಾಲ್ಕು ತಾಲ್ಲೂಕಿನ ಎಷ್ಟೋ ಮನೆಗಳ ಹಿರಿಯರ ಒಂದೇ ಒಂದು ಮುಖ ನಮ್ಮ ಹೊಳಲ್ಕೆರೆ ಯಂತ್ರದಲ್ಲಿ ಉಳಿದಿತ್ತು.

ಅವರಲ್ಲಿ ಬಾಗೂರಿನ ಕುರಿ ಸಾಕುವ ಈರಣ್ಣನೂ ಒಬ್ಬ. ಅವನ ಫೋಟೋವನ್ನು ಮನೆಯವರು ತಂದದ್ದಲ್ಲ. ಕುರಿಗಳಿಗೆ ಲಸಿಕೆ ಹಾಕುವ ಶಿಬಿರದಲ್ಲಿ, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಮರಿ ಇಟ್ಟುಕೊಂಡು ನಿಂತಿದ್ದವನನ್ನು ನಮ್ಮ ಹೊಸದುರ್ಗದ ವರದಿಗಾರ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದಿದ್ದ. ಅದೇ ವರ್ಷ ಈರಣ್ಣ ತೀರಿಕೊಂಡ. ಅವನ ಜೀವಮಾನದಲ್ಲಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. ಹೆಂಡತಿ ಗಂಗಮ್ಮ ವರ್ಷಕ್ಕೊಮ್ಮೆ ಜಾಹೀರಾತು ಕೊಡಲು ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಬರುತ್ತಿದ್ದಳು. ಹೊಸದುರ್ಗದ ಏಜೆಂಟನ ಹತ್ತಿರವೇ ಕೊಡಬಹುದಲ್ಲಮ್ಮ ಎಂದು ನಾನು ಒಂದು ಸಲ ಹೇಳಿದೆ. ಆಕೆ ನಕ್ಕಳು. ಗಂಡನ ಹೆಸರು ಹೇಳುವ ರೂಢಿ ಅವರಲ್ಲಿಲ್ಲ. ತಿಪ್ಪೇಸ್ವಾಮಿ ಪರದೆಯ ಮೇಲೆ ಒಂದೊಂದೇ ಮುಖ ಸರಿಸುತ್ತಾ ಹೋಗುತ್ತಿದ್ದ, ಆಕೆ "ಇವ್ರೇ" ಎನ್ನುವವರೆಗೆ. ಅವನಿಗೆ ಎಲ್ಲಿದೆ ಎಂದು ಗೊತ್ತಿದ್ದರೂ ಹಾಗೇ ಮಾಡುತ್ತಿದ್ದ. ಆಮೇಲೆ ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡುತ್ತಿದ್ದ. ಹುಬ್ಬಿನ ಮೇಲಿನ ಗಾಯದ ಗುರುತು, ಎರಡು ದಿನದ ಬಿಳಿ ಗಡ್ಡ ಎಲ್ಲ ಕಾಣುತ್ತಿತ್ತು. ಗಂಗಮ್ಮ ಸ್ಟೂಲಿನ ಮೇಲೆ ಕುಂತು ಐದು ನಿಮಿಷ ನೋಡಿ, ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದಳು. ಜಾಹೀರಾತು ಒಂದು ನೆಪ ಎಂದು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು. ತಿಪ್ಪೇಸ್ವಾಮಿಗೆ ಮೊದಲ ದಿನವೇ ಗೊತ್ತಿತ್ತು.

ನಾನು ಹೇಳಹೊರಟ ವರ್ಷ ನಮ್ಮ ಪತ್ರಿಕೆಯ ಯಜಮಾನರು ನಾಲ್ಕು ಹಳೆಯ ಯಂತ್ರಗಳ ಬದಲು ಒಂದು ದೊಡ್ಡ ಯಂತ್ರ ತರಿಸಿದರು. ಸರ್ವರ್ ವರ್ಚುವಲೈಸೇಶನ್ ಎನ್ನುವುದು ಆಗ ಹೊಸ ಮಾತು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಒಂದೇ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು ಬೇರೆಬೇರೆ ಒಲೆ ಹೂಡಿ, ಮನೆಯೆಲ್ಲ ತನ್ನದೊಬ್ಬನದೇ ಎಂದು ಪ್ರತಿಯೊಬ್ಬನೂ ನಂಬಿಕೊಂಡು ಬದುಕಿದ ಹಾಗೆ, ಒಂದು ಯಂತ್ರದೊಳಗೆ ನಾಲ್ಕು ಯಂತ್ರಗಳು ಇರುತ್ತವೆ. ಜಗಳವಾಗದಂತೆ ನೋಡಿಕೊಳ್ಳುವುದಕ್ಕೆ ಒಂದು ತಂತ್ರಾಂಶ ಬೇಕು. ಹೊಳಲ್ಕೆರೆಗೆ ಇದರಿಂದ ದೊಡ್ಡ ಉಪಕಾರವಿತ್ತು. ಅದರ ಫೋಟೋಗಳನ್ನು ಹಿಡಿದಿಟ್ಟಿದ್ದ ಹಳೆಯ ತಂತ್ರಾಂಶ ಬೇರೆ ಯಂತ್ರದಲ್ಲಿ ಏಳುತ್ತಲೇ ಇರಲಿಲ್ಲ. ಮಾಡಿಕೊಟ್ಟ ಕಂಪನಿ ಮುಚ್ಚಿತ್ತು. ಹೊಸ ವಿಧಾನದಲ್ಲಿ ಆ ಯಂತ್ರವನ್ನು ಇದ್ದ ಹಾಗೇ, ಇಡಿಯಾಗಿ ಎತ್ತಿ ದೊಡ್ಡದರೊಳಗೆ ಇಡಬಹುದಿತ್ತು.

ತೊಂದರೆ ಇದ್ದದ್ದು ಒಂದೇ. ಅಂಥ ತಂತ್ರಾಂಶಗಳು ಎರಡಿದ್ದವು. ಯಾವುದು ನಮಗೆ ಸರಿ ಎಂದು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾರಣ, ಗ್ರಾಮಾಭಿವೃದ್ಧಿಯಲ್ಲಿ ಕಂಪ್ಯೂಟರಿನ ಪಾತ್ರ ಎಂದು ನಾನು ಒಮ್ಮೆ ಸಂಪಾದಕೀಯ ಬರೆದಿದ್ದೆ. ನಮ್ಮಲ್ಲಿ ಬರೆದವನೇ ತಜ್ಞ. ಹಾವುಗಳ ಬಗ್ಗೆ ಲೇಖನ ಬರೆದಿದ್ದ ಉಪಸಂಪಾದಕನನ್ನು, ಕಾಗದದ ಗೋದಾಮಿಗೆ ನಾಗರಹಾವು ಬಂದ ದಿನ ಯಜಮಾನರು ಕೋಲು ಕೊಟ್ಟು ಒಳಗೆ ಕಳಿಸಿದ್ದರು.

ಮೊದಲನೆಯ ತಂತ್ರಾಂಶದ ಪರವಾಗಿ ಬೆಂಗಳೂರಿನಿಂದ ಟೈ ಕಟ್ಟಿದವರೊಬ್ಬರು ಬಂದರು. ಪ್ರೊಜೆಕ್ಟರ್ ಹಚ್ಚಿ ಗೋಡೆಯ ಮೇಲೆ ಬಣ್ಣದ ತ್ರಿಕೋನಗಳನ್ನು ತೋರಿಸಿದರು. ಅವರದು ದುಬಾರಿ, ಆದರೆ ಕೆಟ್ಟರೆ ಅವರೇ ಬರುತ್ತಾರೆ. ಎರಡನೆಯದರ ಪರವಾಗಿ ದಾವಣಗೆರೆಯಿಂದ ಬೈಕಿನಲ್ಲಿ ಒಬ್ಬ ಬಂದ. ತ್ರಿಕೋನ ತರಲಿಲ್ಲ. ನೇರ ಹಿಂದಿನ ಕೋಣೆಗೆ ಹೋಗಿ ಹೊಳಲ್ಕೆರೆಯ ಫ್ಯಾನಿನ ದೂಳು ಊದಿ, ಚಹಾ ಕುಡಿದು, ತನ್ನದಕ್ಕೆ ದುಡ್ಡು ಬೇಡ, ಆದರೆ ಕೆಟ್ಟರೆ ನೀವೇ ನೋಡಿಕೊಳ್ಳಬೇಕು ಎಂದ. ಇಬ್ಬರೂ ಇನ್ನೊಬ್ಬರದರ ಬಗ್ಗೆ ನಾಲ್ಕು ಮಾತು ಕೆಟ್ಟದಾಗಿ ಹೇಳಿಹೋದರು. ನಾನು ಅವನ್ನು ಆರೋಪ ಎಂಬ ತಲೆಬರಹದಡಿ ಬರೆದುಕೊಂಡೆ.

ಆರೋಪ ಎಂದ ಮೇಲೆ ಸ್ಪಷ್ಟನೆ ಬೇಕು. ಬೆಂಗಳೂರಿನವರ ಆರೋಪವನ್ನು ದಾವಣಗೆರೆಗೆ, ದಾವಣಗೆರೆಯವನದನ್ನು ಬೆಂಗಳೂರಿಗೆ ಕಳಿಸಿದೆ. ಸ್ಪಷ್ಟನೆಗಳು ಬಂದವು, ಅವುಗಳಲ್ಲಿ ಹೊಸ ಆರೋಪಗಳಿದ್ದವು. ಅವನ್ನೂ ಕಳಿಸಿದೆ. ಜೊತೆಗೆ ಸ್ವತಂತ್ರ ಮೂಲಗಳು ಬೇಕಲ್ಲ. ಸಿರಿಗೆರೆ ಕಡೆಯ ಒಬ್ಬ ಕಂಪ್ಯೂಟರ್ ಮೇಷ್ಟ್ರು ಎರಡನ್ನೂ ಬಳಸಿದ್ದರು. ಎರಡೂ ಚೆನ್ನಾಗಿವೆ ಎಂದರು. ಅದನ್ನು ಅಸ್ಪಷ್ಟ ಹೇಳಿಕೆ ಎಂದು ಗುರುತು ಮಾಡಿಕೊಂಡೆ. ಹಿರಿಯೂರಿನ ಒಂದು ಎಣ್ಣೆ ಗಿರಣಿಯಲ್ಲಿ ಮೊದಲನೆಯದು ನಡೆಯುತ್ತಿದೆ ಎಂದು ತಿಳಿದು ಬಸ್ಸು ಹತ್ತಿ ಹೋದೆ. ಕಡಲೆಕಾಯಿ ಚೀಲಗಳ ಸಂದಿಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ಹೇಗಿದೆ ಎಂದು ಗಿರಣಿಯವರನ್ನು ಕೇಳಿದೆ. "ನಡೀತೈತಲ್ಲ ಸ್ವಾಮಿ, ಇನ್ನೇನ್ ಮಾಡ್ಬೇಕು ಅದು, ಹಾಡು ಹೇಳ್ಬೇಕಾ?" ಎಂದರು. ಮಾಹಿತಿ ಅಪೂರ್ಣ ಎಂದು ಬರೆದುಕೊಂಡು ಮರಳಿದೆ. ನನ್ನ ವರದಿ ಮೂವತ್ತೆಂಟು ಪುಟಕ್ಕೆ ಬೆಳೆಯಿತು. ಹೊಸ ಯಂತ್ರ ಐದು ತಿಂಗಳು ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಅದರ ಮೇಲೆ ಹಳೆಯ ಸಂಚಿಕೆಗಳನ್ನು ಪೇರಿಸಲು ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ ತಿಪ್ಪೇಸ್ವಾಮಿ ನನ್ನ ಮೇಜಿನ ಮುಂದೆ ನಿಂತ. ಕುಂತ್ಕೊ ಎಂದರೂ ಕೂರಲಿಲ್ಲ.

"ಸರ್, ಹೊಳಲ್ಕೆರೆ ಡಿಸ್ಕು ಕಟಕಟ ಅಂತೈತೆ. ಯಾವ್ದಾರ ಒಂದ್ರಾಗೆ ಮೊದ್ಲು ಇದನ್ನ ಎತ್ತಿಟ್ಬಿಡಾಣ. ಬ್ಯಾಡ ಅನ್ಸಿದ್ರೆ ಆಮೇಲೆ ಇನ್ನೊಂದುಕ್ಕೆ ಹಾಕ್ಕಂಡ್ರಾತು."

ಅವನ ಮಾತು ನ್ಯಾಯವಾಗಿತ್ತು. ಆದರೆ ಒಬ್ಬರದರಲ್ಲಿ ಮೊದಲು ಇಟ್ಟರೆ ಇನ್ನೊಬ್ಬರು ಪಕ್ಷಪಾತ ಎನ್ನುವುದಿಲ್ಲವೇ? ಎರಡನ್ನೂ ಒಂದೇ ದಿನ, ಒಂದೇ ಯಂತ್ರದ ಮೇಲೆ, ಇಬ್ಬರ ಸಮಕ್ಷಮ ಪರೀಕ್ಷಿಸಬೇಕೆಂದು ನಾನು ಗೊತ್ತುಮಾಡಿದ್ದೆ. ಬೆಂಗಳೂರಿನವರಿಗೆ ಮುಂದಿನ ತಿಂಗಳು ಮಾತ್ರ ಬಿಡುವಿತ್ತು. ಅಲ್ಲಿಯವರೆಗೆ ತಡೆದುಕೊ ಎಂದು ತಿಪ್ಪೇಸ್ವಾಮಿಗೆ ಹೇಳಿದೆ.

"ನಾನು ತಡ್ಕಂತೀನಿ ಸರ್," ಎಂದ. "ಅದುಕ್ಕೆ ಹೇಳೋರು ಯಾರು?"

ಒಂಬತ್ತು ದಿನಕ್ಕೆ ಹೊಳಲ್ಕೆರೆ ನಿಂತಿತು. ಸದ್ದುಗದ್ದಲವೇನೂ ಆಗಲಿಲ್ಲ. ಕಟಕಟ ಕೇಳುತ್ತಿದ್ದದ್ದು ಕೇಳದಾಯಿತು, ಅಷ್ಟೇ. ತಿಪ್ಪೇಸ್ವಾಮಿ ಡಿಸ್ಕನ್ನು ಬಿಚ್ಚಿ, ಪಂಚೆಯ ತುಂಡಿನಲ್ಲಿ ಸುತ್ತಿ, ಬೆಂಗಳೂರಿಗೆ ಹೋಗಿ ಎರಡು ಕಡೆ ತೋರಿಸಿಕೊಂಡು ಬಂದ. ಇದರಿಂದ ಇನ್ನು ಏನೂ ಹೊರಬರುವುದಿಲ್ಲ ಎಂದು ಎರಡೂ ಕಡೆಯವರು ಒಂದೇ ಮಾತು ಹೇಳಿದರು. ಇಷ್ಟು ಖಚಿತವಾದ ಮಾಹಿತಿ ಆ ಐದು ತಿಂಗಳಲ್ಲಿ ನನಗೆ ಬೇರೆ ಸಿಕ್ಕಿರಲಿಲ್ಲ.

ಉಳಿದ ಮೂರನ್ನಾದರೂ ಉಳಿಸಿಕೊಳ್ಳೋಣ ಎಂದು ಯಜಮಾನರು ಅಂದೇ ತೀರ್ಮಾನ ಮಾಡಿದರು. ದಾವಣಗೆರೆಯವನಿಗೆ ಫೋನ್ ಮಾಡಿದರೆ ಈಗಲೇ ಬರುತ್ತೇನೆ ಎಂದ, ಹಾಗಾಗಿ ಅವನದೇ ಆಯಿತು. ಮೂವತ್ತೆಂಟು ಪುಟವನ್ನು ಯಾರೂ ತಿರುವಲಿಲ್ಲ. ದುರ್ಗ, ಹಿರಿಯೂರು, ಹೊಸದುರ್ಗ ಸಂಜೆಯೊಳಗೆ ದೊಡ್ಡ ಯಂತ್ರದೊಳಗೆ ಸೇರಿದವು. ಹೊರಡುವ ಮುನ್ನ ಅವನನ್ನು ಕೇಳಿದೆ: ನಿಜ ಹೇಳಪ್ಪ, ಎರಡರಲ್ಲಿ ಯಾವುದು ಉತ್ತಮ? ಅವನು ಬೈಕಿನ ಸ್ಟ್ಯಾಂಡ್ ತೆಗೆಯುತ್ತಾ, ನಿಮ್ಮ ಕೆಲಸಕ್ಕೆ ಯಾವುದಾದರೂ ಆಗುತ್ತಿತ್ತು ಎಂದ.

ಫೋಟೋ ಕಳೆದುಹೋದ ಮನೆಯವರಿಗೆ ಕಾಗದ ಬರೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಕೆಲವರು ಬೈದರು, ಕೆಲವರು ಹೋಗಲಿ ಬಿಡಿ ಎಂದರು. ಬೈದವರ ಕಾಗದ ಓದುವುದು ಸುಲಭವಾಗಿತ್ತು. ಗಂಗಮ್ಮನಿಗೆ ಓದು ಬಾರದು. ಆಕೆಗೆ ಕಾಗದ ಬರೆಯಲಿಲ್ಲ. ಬಂದಾಗ ಎದುರಿಗೇ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಆಕೆ ತನ್ನ ತಿಂಗಳಿಗೆ ಸರಿಯಾಗಿ ಬಂದಳು. ಅಷ್ಟರಲ್ಲಿ ತಿಪ್ಪೇಸ್ವಾಮಿ ಹಳೆಯ ಸಂಚಿಕೆಗಳ ಕಡತ ಹುಡುಕಿ, ಅಚ್ಚಾಗಿದ್ದ ಹೆಬ್ಬೆರಳು ಗಾತ್ರದ ಚಿತ್ರವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದ. ಈ ಸಲ ಬೇರೆ ಮುಖಗಳನ್ನು ಸರಿಸುವ ಕೆಲಸವಿರಲಿಲ್ಲ. ಸ್ಟೂಲು ಎಳೆದು, "ಕುಂತ್ಕಳಮ್ಮ" ಎಂದು, ಚಿತ್ರವನ್ನು ದೊಡ್ಡದು ಮಾಡಿದ. ಪತ್ರಿಕೆಯ ಚಿತ್ರ ಎಂದರೆ ಚುಕ್ಕೆಗಳು. ದೊಡ್ಡದು ಮಾಡಿದಷ್ಟೂ ಚುಕ್ಕೆಗಳು ದೊಡ್ಡವಾದವು. ಹುಬ್ಬಿನ ಗಾಯವಿರಬೇಕಾದಲ್ಲಿ ಮೂರು ಕಪ್ಪು ಚುಕ್ಕೆ, ಗಡ್ಡ ಬೂದಿಯ ಹಾಗೆ. ಕಂಕುಳಲ್ಲಿದ್ದದ್ದು ಮರಿ ಎಂದು ಗೊತ್ತಿದ್ದವರಿಗಷ್ಟೇ ಮರಿ.

ನಾನು ಯಂತ್ರ ಕೆಟ್ಟ ಕಥೆಯನ್ನು ಆದಷ್ಟು ಸರಳವಾಗಿ ಹೇಳಿದೆ. ಎರಡು ತಂತ್ರಾಂಶ, ನನ್ನ ಪರಿಶೀಲನೆ, ತಡವಾದದ್ದು ನನ್ನಿಂದ, ಎಲ್ಲವನ್ನೂ ಹೇಳಿದೆ. ಆಕೆ ನನ್ನ ಕಡೆ ತಿರುಗಲಿಲ್ಲ. ಮುಖವನ್ನು ಪರದೆಗೆ ಹತ್ತಿರ ತಂದಳು, ಆಮೇಲೆ ಹಿಂದಕ್ಕೆ ಸರಿದಳು. ಹಿಂದೆ ಸರಿದಾಗ ಸ್ವಲ್ಪ ಕಾಣಿಸಿರಬೇಕು.

"ಹೋದ್ವರ್ಷ ಹತ್ರ ಇದ್ರು ಸಾರ್," ಎಂದಳು. "ಈ ಸಲ ಗುಡ್ಡದ ಮ್ಯಾಲೆ ನಿಂತಂಗೈತೆ."

ಸ್ಟೂಲನ್ನು ಇನ್ನೂ ಒಂದು ಮೊಳ ಹಿಂದಕ್ಕೆ ಎಳೆದುಕೊಂಡು, ತನ್ನ ಐದು ನಿಮಿಷ ಪೂರೈಸಿ ಎದ್ದಳು. ಜಾಹೀರಾತು ಎಂದಿನಂತೆ ಐದನೇ ಪುಟದಲ್ಲಿ ಬಂತು. ಮರುವರ್ಷದಿಂದ ಅದನ್ನು ಹೊಸದುರ್ಗದ ಏಜೆಂಟನೇ ಕಳಿಸತೊಡಗಿದ. ನಾನು ಹಿಂದೆ ಕೊಟ್ಟಿದ್ದ ಸಲಹೆಯನ್ನು ಆಕೆ ಕೊನೆಗೂ ಒಪ್ಪಿಕೊಂಡಿದ್ದಳು.

ನಮ್ಮ ಪತ್ರಿಕೆಯಲ್ಲಿ ಎರಡನೇ ಪುಟದ ಮೂಲೆಯಲ್ಲಿ ತಿದ್ದುಪಡಿ ಎಂಬ ಚೌಕವಿದೆ. ಸತ್ತವರ ವಯಸ್ಸು ತಪ್ಪಾಗಿದ್ದರೆ, ಮದುವಣಿಗನ ಇನಿಷಿಯಲ್ ತಪ್ಪಾಗಿದ್ದರೆ ಮರುದಿನ ಅಲ್ಲಿ ಸರಿಪಡಿಸುತ್ತೇವೆ. ಗಂಗಮ್ಮ ಬಂದುಹೋದ ವಾರ ನಾನು ಎರಡು ಸಲ ಅದಕ್ಕಾಗಿ ಒಂದು ವಾಕ್ಯ ಬರೆಯಲು ಕುಳಿತು, ಎರಡು ಸಲವೂ ಹರಿದು ಹಾಕಿದೆ. ಏನು ತಪ್ಪಾಗಿದೆ ಎಂದು ಬರೆಯಬಹುದಿತ್ತು. ಸರಿಯಾದದ್ದು ಏನು ಎಂದೂ ಬರೆಯಬೇಕಲ್ಲ, ಅಲ್ಲಿಗೆ ನಿಂತುಹೋಗುತ್ತಿತ್ತು.

ನಿವೃತ್ತನಾಗುವ ವಾರ ಮೇಜಿನ ಖಾನೆ ಖಾಲಿ ಮಾಡುವಾಗ ಆ ಮೂವತ್ತೆಂಟು ಪುಟದ ವರದಿ ಸಿಕ್ಕಿತು. ಒಂದಲ್ಲ, ಮೂರು ಪ್ರತಿ. ಕಳೆದುಹೋಗಬಾರದೆಂದು ನಾನೇ ಮಾಡಿಸಿಟ್ಟಿದ್ದೆ. ಹರಿಯಬೇಕೆಂದು ತಿಪ್ಪೇಸ್ವಾಮಿಯ ಕೈಗೆ ಕೊಟ್ಟೆ. ಅವನು ಹರಿಯಲಿಲ್ಲ. ಮಧ್ಯಾಹ್ನವೆಲ್ಲ ಕುಳಿತು ಒಂದೊಂದೇ ಪುಟ ಸ್ಕ್ಯಾನ್ ಮಾಡಿ, ದೊಡ್ಡ ಯಂತ್ರದಲ್ಲಿ ಒಂದು ಕಡೆ, ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಕಡೆ ಇಟ್ಟು, ಕೈ ಒರೆಸಿಕೊಂಡು ಬಂದ.

"ಇನ್ನ ಇದುಕ್ಕೇನೂ ಆಗಲ್ಲ ಬಿಡ್ರಿ ಸರ್," ಎಂದ.

ಅದು ಅಭಿಮಾನವೋ ಆರೋಪವೋ ಅವನ ಮುಖದಿಂದ ತಿಳಿಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಾನು ಸ್ಪಷ್ಟನೆ ಕೇಳಲಿಲ್ಲ.