ಊಟದ ವರ್ಗ, ಫರಾಳದ ವರ್ಗ

ವಾದದಲ್ಲಿ ಸೋತು ಗೊಣಗುವವರಿಂದ ಮನೆಗೆ ಅಪಾಯವಿಲ್ಲ. ಅಪಾಯವಿರುವುದು ಸೋಲನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡು ಅದರಂತೆ ನಡೆಯಲು ಹೊರಡುವವರಿಂದ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಈ ಎರಡನೆಯ ಗುಂಪಿನವಳೆಂದು ನನಗೆ ತಡವಾಗಿ ತಿಳಿಯಿತು.

ಆಗ ನಾನು ಸೊಲ್ಲಾಪುರದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು, ದೇವರನ್ನು ಬಿಟ್ಟಿದ್ದೆ. ಯಾವ ಎರಡು ವರ್ಗಗಳನ್ನು ತೆಗೆದುಕೊಂಡರೂ ಅವುಗಳ ಸಂಬಂಧ ಕೆಲವೇ ಬಗೆಯದು ಎಂದು ಪ್ರೊಫೆಸರರು ಬೋರ್ಡಿನ ಮೇಲೆ ವೃತ್ತ ಎಳೆದು ತೋರಿಸಿದ್ದರು. ಎರಡೂ ಒಂದೇ ಆಗಿರಬೇಕು, ಇಲ್ಲವೇ ಒಂದು ಇನ್ನೊಂದರ ಒಳಗಿರಬೇಕು, ಇಲ್ಲವೇ ಒಂದರ ಅಂಚು ಇನ್ನೊಂದನ್ನು ಹಾಯ್ದಿರಬೇಕು, ಅದೂ ಇಲ್ಲವೆಂದರೆ ಪೂರ್ತಿ ಬೇರೆಯಾಗಿರಬೇಕು. ನಾನು ಮನೆಯಲ್ಲಿ ಕಂಡದ್ದಕ್ಕೆಲ್ಲ ವೃತ್ತ ಎಳೆಯತೊಡಗಿದೆ. ಚಾದರ ಹಾಸುವ ವರ್ಗಕ್ಕೆ ಸೇರಿದ್ದೋ ಹೊದೆಯುವ ವರ್ಗಕ್ಕೋ ಎಂದು ಅಪ್ಪನನ್ನು ಕೇಳಿದೆ. "ಥಂಡಿ ಆದ್ರ ಹೊದಿ, ಸೆಕಿ ಆದ್ರ ಹಾಸು, ಏನೂ ಆಗಲಿಲ್ಲಂದ್ರ ಘಡಿ ಮಾಡಿ ಇಡು" ಎಂದ. ವ್ಯಾಪಾರಸ್ಥರಿಗೆ ತತ್ತ್ವ ಹೇಳುವುದು ಕಷ್ಟ.

ನಮ್ಮಲ್ಲಿ ಏಕಾದಶಿಗೆ ಊಟವಿಲ್ಲ, ಫರಾಳವಿದೆ: ಸಾಬೂದಾಣಿ ಖಿಚಡಿ, ಶೇಂಗಾದ ಆಮಟಿ, ಹುರಿದ ಬಟಾಟಿ. ಹೊಟ್ಟೆ ಉಳಿದ ದಿನಗಳಿಗಿಂತ ತುಸು ಹೆಚ್ಚೇ ತುಂಬುತ್ತದೆ. ನಾಸ್ತಿಕನಾದ ನಾನು ಮೊದಲು ಫರಾಳ, ಆಮೇಲೆ ಊಟ, ಎರಡನ್ನೂ ಮಾಡುತ್ತಿದ್ದೆ. ಒಂದು ಏಕಾದಶಿ ಆಯಿಯ ಪಕ್ಕದಲ್ಲಿ ಕೂತು ಖಿಚಡಿ ತಿನ್ನುತ್ತಾ ಕೇಳಿದೆ.

"ಆಯಿ, ಇದರಿಂದ ಹೊಟ್ಟಿ ತುಂಬತದಲ್ಲ?"

"ತುಂಬಲಿಕ್ಕೇ ಮಾಡಿದ್ದಲ್ಲೇನು."

"ಹಂಗಾದ್ರ ಇದು ಊಟದ ವರ್ಗದಾಗ ಬಂತು. ಉಪಾಸ ಅಂದ್ರ ಊಟ ಇಲ್ಲದ್ದು. ಇಷ್ಟು ವರ್ಷ ನೀ ಉಪಾಸ ಮಾಡೇ ಇಲ್ಲ."

ಆಯಿ ತುತ್ತನ್ನು ತಟ್ಟೆಗೆ ಇಳಿಸಿದಳು. "ಖರೇ ಅದ" ಎಂದಳು. ಇಷ್ಟು ಬೇಗ ಗೆದ್ದದ್ದಕ್ಕೆ ನಾನು ಅನುಮಾನ ಪಡಬೇಕಿತ್ತು.

ಮುಂದಿನ ಏಕಾದಶಿಗೆ ಅವಳನ್ನು ಅಕ್ಕಲಕೋಟದ ಅತ್ಯಾನ ಮನೆಗೆ, ಅಂದರೆ ಅವಳ ಮಗಳ ಮನೆಗೆ, ಕರೆದೊಯ್ಯುವ ಕೆಲಸ ನನಗೆ ಬಂತು. ಬೆಳಿಗ್ಗೆಯಿಂದ ಅವಳು ಚಹಾ ಕೂಡ ಮುಟ್ಟಿರಲಿಲ್ಲ. ರೈಲು ಹೋಟಗಿ ದಾಟುವವರೆಗೆ ನೆಟ್ಟಗೆ ಕೂತಿದ್ದಳು. ಸ್ಟೇಶನ್ನಿನಿಂದ ಟಾಂಗಾದಲ್ಲಿ ಊರಿಗೆ ಹೋಗುವಾಗ ನನ್ನ ಹೆಗಲಿಗೆ ಒರಗಿದಳು. ಕೈ ತಣ್ಣಗಿತ್ತು. ಅವಳು ಅಷ್ಟು ಹಗುರವೆಂದು ನನಗೆ ಗೊತ್ತಿರಲಿಲ್ಲ.

ಅತ್ಯಾ ಅವಳನ್ನು ಗೋಡೆಗೆ ಒರಗಿಸಿ ಖಿಚಡಿ ತಂದಿಟ್ಟಳು. ಆಯಿ ತಟ್ಟೆ ಸರಿಸಿ, "ಇದು ಊಟದ ಜಾತಿ ಅಂತ. ನಿನ್ನ ಅಳಿಯ ಹೇಳ್ಯಾನ" ಎಂದಳು.

ಅತ್ಯಾ ನನ್ನ ಕಡೆ ತಿರುಗಿದಳು. "ನೀ ಹಾಕಿದ ಗಂಟು ನೀನ ಬಿಚ್ಚಪಾ. ಅವ್ವಗ ಚಕ್ಕರ್ ಬರಾಕತ್ತಾವ."

ಎರಡೂ ಪಕ್ಷ ವಾದಿಸುವ ತರಬೇತಿ ನನಗಿತ್ತು. ಊಟವೆಂದರೆ ಧಾನ್ಯದ್ದು, ಇದರಲ್ಲಿ ಧಾನ್ಯವಿಲ್ಲ ಎಂದೆ. "ಹೊಟ್ಟಿ ತುಂಬಿದ್ರ ಊಟನ ಅಂತ ನೀನ ಅಂದಿದ್ದಿ" ಎಂದಳು ಆಯಿ. ಎರಡು ವೃತ್ತಗಳು ಅಂಚಿನಲ್ಲಿ ಹಾಯುತ್ತವೆ, ಖಿಚಡಿ ಆ ನಡುವಿನ ತುಂಡಿನಲ್ಲಿದೆ ಎಂದೆ. "ಅಂದ್ರ ಎರಡೂ ಹೌದು. ಉಪಾಸ ಮುರೀತು." ಇದನ್ನು ಔಷಧಿಯ ವರ್ಗಕ್ಕೆ ಹಾಕೋಣ ಎಂದೆ. "ಔಷಧಕ್ಕ ಯಾರರೆ ನಿಂಬಿಹಣ್ಣು ಹಿಂಡತಾರೇನು?" ಕೊನೆಗೆ ನಾನು ಹೇಳಿದ್ದೇ ತಪ್ಪು ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ, "ಎಲ್ಲಿ ತಪ್ಪದ, ತೋರಸು" ಎಂದಳು. ತಪ್ಪು ಸಿಗದಷ್ಟು ಚೆನ್ನಾಗಿ ಆ ವಾದವನ್ನು ನಾನೇ ಕಟ್ಟಿದ್ದೆ.

ಅತ್ಯಾ ನನಗೂ ಒಂದು ತಟ್ಟೆ ಖಿಚಡಿ ಕೊಟ್ಟಳು. ಬೆಳಿಗ್ಗೆ ಬರೀ ಚಹಾ ಕುಡಿದು ಹೊರಟವನು ನಾನು, ಎರಡು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿ, ಅಭ್ಯಾಸದಂತೆ ಕೇಳಿದೆ: "ಅತ್ಯಾ, ಊಟಕ್ಕ ಏನ್ ಮಾಡೀದಿ?"

ಆಯಿ ಕಣ್ಣು ತೆರೆದಳು. ತಟ್ಟೆ ಎಳೆದುಕೊಂಡು, "ಈಗ ಹೇಳಿದ ನೋಡು" ಎಂದು ಮೊದಲ ತುತ್ತು ಬಾಯಿಗಿಟ್ಟಳು. "ಖಿಚಡಿ ತಿಂದ ಮ್ಯಾಲ ಊಟ ಕೇಳಿದ, ಇದಕ್ಕ ಅಂವ ವಾದ ಮಾಡಲಿಲ್ಲ. ಹಂಗಾದ್ರ ಖರೇನ ಇರಬೇಕು."

ಏಕಾದಶಿ ದಿನ ಅತ್ಯಾನ ಮನೆಯಲ್ಲಿ ರೊಟ್ಟಿಯ ಹಂಚು ಒಲೆ ಏರುವುದಿಲ್ಲ. ಅಂದು ರಾತ್ರಿಯವರೆಗೆ ನನಗೆ ಸಿಕ್ಕಿದ್ದು ಫರಾಳವೊಂದೇ. ಅಂದರೆ, ಖಿಚಡಿ ಊಟವಲ್ಲವೆಂಬ ನನ್ನದೇ ಹೊಸ ಹೇಳಿಕೆಯ ಪ್ರಕಾರ, ನಾನು ಕಟ್ಟುನಿಟ್ಟಾಗಿ ಏಕಾದಶಿ ಮಾಡಿದ ಹಾಗಾಯಿತು. ಉಪವಾಸ ಮಾಡುವವರಿಗೂ ದೇವರನ್ನು ನಂಬದವರಿಗೂ ಏನು ಸಂಬಂಧ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನಾಗ ಮೂರನೆಯ ಸಲ ಖಿಚಡಿ ಹಾಕಿಸಿಕೊಂಡು ತಿನ್ನುತ್ತಿದ್ದೆ. ಬಾಯಿ ಖಾಲಿ ಇರಲಿಲ್ಲ.