ಹತ್ತಿ ಜಾರುವ ಕೆನ್ನೆ

ವಯಸ್ಸಾದಂತೆ ಗಂಡಸಿನ ತಲೆಯ ಮೇಲೆ ಇರಬೇಕಾದದ್ದು ಹೇಳದೆ ಕೇಳದೆ ಹೊರಟುಹೋಗುತ್ತದೆ. ಕೆನ್ನೆಯ ಮೇಲೆ ಬೇಡವಾದದ್ದು ಮಾತ್ರ ದಿನವೂ ತಪ್ಪದೆ ಹಾಜರಿ ಹಾಕುತ್ತದೆ. ಅದನ್ನು ನಾನು ಬಹಳ ಕಾಲ ಆಫೀಸಿನ ಗಡಿಬಿಡಿಯಲ್ಲಿ, ಪ್ಲಾಸ್ಟಿಕ್ ರೇಜರಿನಿಂದ ಕಳೆ ಕೀಳುವವನಂತೆ ಕೆರೆದು ಹಾಕುತ್ತಿದ್ದೆ. ಕ್ಷೌರಕ್ಕೂ ಒಂದು ಗುಣಮಟ್ಟವಿದೆ ಎಂದು ತಿಳಿಸಿಕೊಟ್ಟವಳು ಭದ್ರಾವತಿಯಲ್ಲಿರುವ ನನ್ನ ಮೊಮ್ಮಗಳು. ಅವಳಿಗಿನ್ನೂ ಮಾತು ಬರುವುದಿಲ್ಲ.

ಮಗಳು ವಿದ್ಯಾಳ ಮನೆಗೆ ಹೋದವನು ಕೂಸನ್ನು ಎತ್ತಿಕೊಂಡು ಕೆನ್ನೆಗೆ ಕೆನ್ನೆ ತಾಗಿಸಿದೆ. ಬೀದಿಯ ಕೊನೆಗೆ ಕೇಳುವಂತೆ ಅತ್ತಿತು. ಇನ್ನೊಮ್ಮೆ ಎತ್ತಿಕೊಂಡೆ, ಇನ್ನೊಮ್ಮೆ ಅತ್ತಿತು. "ಗಡ್ಡ ಚುಚ್ಚುತ್ತೇನೋ ಅಪ್ಪ" ಎಂದಳು ವಿದ್ಯಾ. ಶಿವಮೊಗ್ಗದವರೆಗೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೆನ್ನೆ ಸವರಿಕೊಳ್ಳುತ್ತಾ ಬಂದೆ.

ವಾರದೊಳಗೆ ರವೀಂದ್ರನಗರದ ನಮ್ಮ ಮನೆಗೆ ವಿದೇಶಿ ಸ್ಟೀಲಿನ ರೇಜರು ಬಂತು. ಡಬ್ಬಿ ತೆರೆದರೆ ಮಖಮಲ್ಲಿನ ಮೇಲೆ ಮಲಗಿತ್ತು. ಕೈಗೆ ಹಿತವಾದ ಭಾರ. ಎರಡು ಅಂಚಿನ ಬ್ಲೇಡನ್ನು ಕೂರಿಸಿ ಹಿಡಿ ತಿರುಗಿಸಿದರೆ, ಎರಡೂ ಬದಿಯಲ್ಲಿ ಕೂದಲೆಳೆಯಷ್ಟು ಅಂಚು ಸಮನಾಗಿ ಇಣುಕಿತು. ಮೊದಲ ದಿನ ಹಳೆಯ ಅಭ್ಯಾಸದಿಂದ ಒತ್ತಿದೆ, ಗದ್ದ ಕುಯ್ದುಕೊಂಡೆ.

"ರಕ್ತ ಕೊಡೋದಾದ್ರೆ ಆಸ್ಪತ್ರೇಲಿ ಕೊಟ್ಟು ಬನ್ನಿ, ಬಿಸ್ಕತ್ತಾದ್ರೂ ಕೊಡ್ತಾರೆ" ಎಂದಳು ನನ್ನ ಹೆಂಡತಿ ಸುಮಿತ್ರೆ.

ಇಂಥ ರೇಜರನ್ನು ಒತ್ತಬಾರದು, ಅದರ ಭಾರಕ್ಕೇ ಕೆಲಸ ಬಿಡಬೇಕು ಎಂದು ನಿಧಾನವಾಗಿ ಅರ್ಥವಾಯಿತು. ಕೂದಲು ಮಲಗಿದ ದಿಕ್ಕಿಗೆ ಒಂದು ಸಲ, ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಒಂದು ಸಲ. ಬ್ಲೇಡು ಸಾಗುವಾಗ ಬರುವ ಸಣ್ಣ ಸರಸರ ಸದ್ದು ನಿಂತರೆ ಅಲ್ಲಿ ಇನ್ನೇನೂ ಉಳಿದಿಲ್ಲವೆಂದು ಲೆಕ್ಕ. ಆದರೂ ಕೈಬೆರಳನ್ನು ನಂಬಲಾಗದೆ, ಸುಮಿತ್ರೆ ಬತ್ತಿ ಹೊಸೆಯುತ್ತಿದ್ದಲ್ಲಿಗೆ ಹೋಗಿ ಚೂರು ಹತ್ತಿಯೆತ್ತಿ ಕೆನ್ನೆಯ ಮೇಲೆ ಎಳೆದೆ. ದವಡೆಯ ಕೆಳಗೆ ಎಳೆ ಸಿಕ್ಕಿಕೊಂಡು ನನಗೆ ಬಿಳಿ ಗಡ್ಡ ಬಂತು.

"ದೇವರ ದೀಪಕ್ಕೆ ಇಟ್ಟಿದ್ದು ಮಾರಾಯ್ರೆ. ಆ ಕಡೆ ಹೋಗಿ."

ಶನಿವಾರ ಹತ್ತಿ ಎಲ್ಲೂ ತಡೆಯದೆ ಜಾರಿತು. ಸುಮಿತ್ರೆಯೂ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ರ್‍ಯಾಂಕು ಬಂದ ಹಾಗೆ.

ಭಾನುವಾರ ಸುಮಿತ್ರೆಯೊಂದಿಗೆ ಭದ್ರಾವತಿಗೆ ಹೋಗಿ, ಉಸಿರು ಹಿಡಿದು ಕೂಸನ್ನು ಎತ್ತಿಕೊಂಡೆ. ಅಳಲಿಲ್ಲ. ಅಂಗೈಯನ್ನು ನನ್ನ ಕೆನ್ನೆಯ ಮೇಲಿಟ್ಟಿತು, ಜಾರಿತು. ಮತ್ತೆ ಇಟ್ಟಿತು. ನಾನು ಇನ್ನೊಂದು ಕೆನ್ನೆಯನ್ನೂ ಒಡ್ಡಿದೆ. ಅಷ್ಟರಲ್ಲಿ ಅಳಿಯನ ತಂದೆ, ನಮ್ಮ ಬೀಗರು, ಒಳಗಿನಿಂದ ಬಂದರು. ಅವರದು ಕ್ಷೌರ ಮರೆತ, ತೆಂಗಿನ ನಾರಿನಂಥ ಗಡ್ಡ. ಕೂಸು ಅವರ ಕಡೆಗೆ ಹಾರಿ, ಆ ನಾರಿಗೆ ಕೆನ್ನೆ ಉಜ್ಜಿ ಕಿಲಕಿಲ ನಕ್ಕಿತು.

"ಹಂಗಾದ್ರೆ ಅವತ್ಯಾಕೆ ಅತ್ತಿದ್ದು?" ಎಂದು ಮಗಳನ್ನು ಕೇಳಿದೆ.

"ಹಲ್ಲು ಬರ್ತಿತ್ತು ಕಣಪ್ಪ. ಮಾರನೇ ದಿನ ಕಾಣಿಸ್ತು. ಆಗ ಯಾರು ಎತ್ಕೊಂಡ್ರೂ ಅಳ್ತಿದ್ಲು."

ಸ್ವಲ್ಪ ಹೊತ್ತಿಗೆ ಕೂಸು ನನ್ನ ಬಳಿಗೆ ಮರಳಿ, ಹೆಗಲ ಮೇಲೆ ನಿದ್ದೆ ಹೋಯಿತು. ಅದರ ಬಾಯಿ ನನ್ನ ಕೆನ್ನೆಗೆ ಒತ್ತಿಕೊಂಡಿತ್ತು. ಬೆನ್ನು ನೋಯುವವರೆಗೂ ನಾನು ಅಲುಗಾಡಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಸುಮಿತ್ರೆ ಕೇಳಿದಳು: "ಇನ್ನು ಆ ರೇಜರ್ ಯಾಕೆ? ಮಗೂಗೆ ಬೀಗರ ಗಡ್ಡಾನೇ ಇಷ್ಟ ಅಲ್ವಾ?"

"ಮಕ್ಕಳ ಅಭಿರುಚಿ ನಿಧಾನಕ್ಕೆ ಸುಧಾರಿಸುತ್ತೆ" ಎಂದೆ.

ಮರುದಿನ ರಜೆ. ಎಲ್ಲಿಗೂ ಹೋಗುವುದಿರಲಿಲ್ಲ, ಯಾರೂ ಬರುವವರಿರಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ನಿಧಾನವಾಗಿ ನೊರೆ ಕಲಸಿದೆ.