ಸೊಟ್ಟ ಕೊಂಬಿನ ಅರಿವೆ ಎತ್ತು

ನಾನು ಒಂದು ಕೆಲಸ ಮುಗಿಸಿ ಕೈ ತೊಳೆದುಕೊಂಡರೆ ಸಾಕು, ಅದನ್ನು ತಿದ್ದುವುದಕ್ಕೆ ಯಾರಾದರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದೇ ಬರುತ್ತಾರೆ. ಕುದಿಯುವ ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕುವವರು, ಹಾಕಿ ಮುಗಿಸಿದ ರಂಗೋಲಿಗೆ ಇನ್ನೊಂದು ಎಳೆ ಎಳೆಯುವವರು ಎಲ್ಲ ಕಡೆಯೂ ಇರುತ್ತಾರೆ. ಆದರೆ ಅರಿವೆಯಲ್ಲಿ ಹೊಲಿದ ಎತ್ತಿನ ಕೊಂಬನ್ನೂ ಬಿಡುವುದಿಲ್ಲ ಎಂಬುದು ನನಗೆ ಈ ಒಂದು ವರ್ಷದಲ್ಲಿ ತಿಳಿದ ಸಂಗತಿ.

ಇಂಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷ ಹೊಲಿಗೆ ಕ್ಲಾಸ್ ನಡೆಸಿದವಳು ನಾನು. ಈಗ ಜಂಪರ್ ಹೊಲಿಯುವುದನ್ನು ಕಲಿಯಲು ಯಾರೂ ಬರುವುದಿಲ್ಲ, ಎಲ್ಲರಿಗೂ ರೆಡಿಮೇಡ್ ಸಿಗುತ್ತದೆ. ಹೀಗಾಗಿ ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಹತ್ತಿ ತುಂಬುವ ಗೊಂಬೆಗಳ ಪ್ಯಾಟರ್ನ್ ಬರೆಯುವುದನ್ನು ಕಲಿತೆ. ಪ್ಯಾಟರ್ನ್ ಎಂದರೆ ಕತ್ತರಿಸಬೇಕಾದ ತುಂಡುಗಳ ಅಳತೆಯ ಚಿತ್ರ. ಅದರ ಪಿಡಿಎಫ್ ಕೊಂಡವರು ಪ್ರಿಂಟ್ ಹಾಕಿಸಿ, ಬಟ್ಟೆಯ ಮೇಲಿಟ್ಟು, ಕತ್ತರಿಸಿ, ಹೊಲಿದುಕೊಳ್ಳುತ್ತಾರೆ.

ನನ್ನ ಮೊದಲನೆಯ ಗೊಂಬೆಯೇ ಎತ್ತು. ಮೈ ಎರಡೇ ದಿನದಲ್ಲಿ ಮುಗಿಯಿತು. ಅಲಂಕಾರಕ್ಕೆ ಎರಡು ತಿಂಗಳು ಹಿಡಿಯಿತು. ಹಣೆಪಟ್ಟಿ, ಕೊರಳಿಗೆ ಏಳು ಗೆಜ್ಜೆ, ಕೊಂಬಿನ ತುದಿಗೆ ಮೂರು ಬಣ್ಣದ ಗೊಂಡೆ, ಬೆನ್ನಿಗೆ ಹೊದಿಸಲು ಕನ್ನಡಿ ಹಚ್ಚಿದ ಝೂಲ. ಎಲ್ಲಿ ಸರಪಳಿ ಹೊಲಿಗೆ, ಎಲ್ಲಿ ಗುಂಡಿಯ ಕಣ್ಣು ಎಂಬುದಕ್ಕೆಲ್ಲ ಬೇರೆ ಬೇರೆ ಗುರುತು ಹಾಕಿದೆ. ಅದೇ ಮೂರು ಹಾಳೆ ಆಯಿತು. ಕೊನೆಗೆ ಮೌಸಿನಿಂದ ಎಡಗೊಂಬನ್ನು ಒಂದಿಷ್ಟು ಹೊರಕ್ಕೆ ಬಗ್ಗಿಸಿದೆ.

ಬಗ್ಗಿಸಿದ್ದಕ್ಕೆ ಕಾರಣವಿತ್ತು. ಮಸೂತಿಯ ನನ್ನ ತವರುಮನೆಯಲ್ಲಿ ಅಂಥದೊಂದು ಬಿಳಿಯ ಎತ್ತು ಇತ್ತು. ನೋಡಿದವರೆಲ್ಲ ಕೊಂಬು ಸೊಟ್ಟ ಅಂದರೆ ಅಪ್ಪ, ಅದರ ಕೊಂಬು ಅದರದು, ನಿಮಗೇನು ತ್ರಾಸು ಎಂದು ಕೇಳುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆಗೆ ನಮಗೆ ಮಣ್ಣಿನ ಎತ್ತು ಮಾಡಿಕೊಡುವಾಗಲೂ ಎಡಗೊಂಬನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸುತ್ತಿದ್ದ. ಅಪ್ಪ ಹೋಗಿ ಮೂರು ವರ್ಷ. ಆ ಎತ್ತಿನ ಫೋಟೊ ಒಂದೂ ಇಲ್ಲ. ಆ ಸೊಟ್ಟ ಕೊಂಬು ನನ್ನ ಹೆಸರಿನೊಂದಿಗೆ ನಾಲ್ಕು ಮನೆಗೆ ಹೋಗಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು. ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಬರೆದೆ, ಅದರ ಕೆಳಗೆ ಮಸೂತಿ ಎಂದೂ ಬರೆದೆ.

ಹತ್ತಕ್ಕೆ ಆರು

ಮೊದಲು ತೋರಿಸಿದ್ದು ಗಂಡನಿಗೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಲ್ಯಾಪ್‌ಟಾಪಿನ ಪರದೆಯನ್ನು ಬಹಳ ಹೊತ್ತು ನೋಡಿದರು. ಮೆಚ್ಚಿಕೊಂಡರೇನೋ ಎಂದು ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಅವರು ಕಂಪಾಸ್ ಡಬ್ಬಿ ತಂದರು.

ಪರದೆಯ ಮೇಲೆಯೇ ಕೋನಮಾಪಕ ಇಟ್ಟು ಅಳೆದರು. ಬಲಗೊಂಬಿಗೂ ಎಡಗೊಂಬಿಗೂ ಹನ್ನೆರಡು ಡಿಗ್ರಿ ಫರಕು ಬರುತ್ತದೆ ಅಂದರು. ಅದು ಬೇಕೆಂದೇ ಮಾಡಿದ್ದು, ಅಪ್ಪನ ಎತ್ತಿನದು ಎಂದು ಹೇಳಿದೆ. ನಿಮ್ಮಪ್ಪನ ಎತ್ತಿನದೂ ತಪ್ಪೇ ಇತ್ತು ಅಂದರು. ಇಪ್ಪತ್ತೆಂಟು ವರ್ಷ ಈ ಮನುಷ್ಯನ ಡಬ್ಬಿಗೆ ರೊಟ್ಟಿ ಕಟ್ಟಿದ್ದೇನೆ, ಅಂದು ಮಾತ್ರ ಡಬ್ಬಿ ತೆಗೆದು ತಲೆಗೆ ಹಾಕಬೇಕು ಅನಿಸಿತು.

ಮರುದಿನ ಪ್ರಿಂಟ್ ಮಾಡಿಟ್ಟಿದ್ದ ಹಾಳೆಯನ್ನು ತೆಗೆದು ನೋಡಿದೆ. ಎಡಗೊಂಬಿನ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಸುತ್ತಿದ್ದರು. ಪಕ್ಕದಲ್ಲಿ ‘ಹತ್ತಕ್ಕೆ ಆರು, ಇನ್ನೂ ಅಭ್ಯಾಸ ಬೇಕು’ ಎಂದು ಬರೆದು ಸಹಿ ಹಾಕಿದ್ದರು. ಅದರ ಕೆಳಗೆ ಪಾಲಕರ ಸಹಿಗೆ ಜಾಗ ಬಿಟ್ಟಿದ್ದರು.

ನೆಲ ಗುಡಿಸುವ ಝೂಲ

ಮನೆಯ ಪ್ರಿಂಟರಿನಲ್ಲಿ ಶಾಯಿ ತೀರಿದ್ದರಿಂದ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಮದುವೆ ಪತ್ರಿಕೆ, ಹುಟ್ಟುಹಬ್ಬದ ಬ್ಯಾನರ್ ಎಲ್ಲ ಮಾಡುವವನು, ಕೈ ಚುರುಕು. ಹಾಳೆ ಉಳಿಸೋಣ ಎಂದು ಎತ್ತಿನ ಮೈಯ ನಾಲ್ಕು ಪುಟಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಿದ್ದ. ಅಲಂಕಾರದ ಪುಟಗಳನ್ನು ಮಾತ್ರ ಚಂದ ಕಾಣುತ್ತವೆಂದು ಹಾಗೆಯೇ ದೊಡ್ಡದಾಗಿ ಬಿಟ್ಟಿದ್ದ. ಹೊಲಿದು ನೋಡಿದರೆ ಎತ್ತು ಇಲಿಯಷ್ಟಾಯಿತು, ಝೂಲ ತಲೆದಿಂಬಿನ ಗವಸಿನಷ್ಟಾಯಿತು.

ಅಳತೆ ಸರಿಯಿದೆಯೋ ಇಲ್ಲವೋ ನೋಡಲೆಂದೇ ಪ್ರತಿ ಪ್ಯಾಟರ್ನಿನಲ್ಲಿ ಒಂದು ಇಂಚಿನ ಚೌಕ ಬರೆದಿರುತ್ತೇವೆ. ಅದನ್ನು ನೋಡಲಿಲ್ಲವೇ ಎಂದು ಕೇಳಿದೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಸಣ್ಣದಾದ್ರೇನಾತ್ರಿ ಬಾಯಾರ, ಚೌಕ ಇನ್ನೂ ಚೌಕನ ಐತಲ್ರಿ" ಅಂದ.

ಎರಡನೆಯ ಸಲ ಅಳತೆ ಸರಿಯಾಗಿ ಬಂತು. ಆದರೆ ಕೊಂಬು ಎರಡೂ ನೆಟ್ಟಗೆ ನಿಂತಿದ್ದವು. ಬಲಗೊಂಬನ್ನು ಕಾಪಿ ಮಾಡಿ, ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಎಡಕ್ಕೆ ಅಂಟಿಸಿದ್ದ. ಮೂಲೆಯಲ್ಲಿ ನನ್ನ ಹೆಸರಿದ್ದಲ್ಲಿ ಅವನ ಅಂಗಡಿಯ ಹೆಸರು, ಸುತ್ತಲೂ ಮದುವೆ ಪತ್ರಿಕೆಯ ಬಳ್ಳಿ. ನನ್ನ ಹೆಸರೆಲ್ಲಿ ಹೋಯಿತು ಎಂದು ಕೇಳಿದರೆ, ಅಲ್ಲಿ ಏನೋ ಸಣ್ಣಗೆ ಕಸ ಬಿದ್ದಂತೆ ಇತ್ತು, ಒರೆಸಿದೆ ಅಂದ. ಆ ಫೈಲನ್ನು ಅಳಿಸಿಹಾಕು, ನನ್ನದನ್ನು ನಾನು ಕಳಿಸಿದ ಹಾಗೆಯೇ ಪ್ರಿಂಟ್ ಹಾಕು ಅಂದೆ. ಆತ್ರಿ ಅಂದ. ಬಹಳ ಬೇಸರದಲ್ಲಿದ್ದೇನೆಂದು ಅವನಿಗೂ ಅನಿಸಿರಬೇಕು, ಹೊರಡುವಾಗ ಸಮಾಧಾನ ಹೇಳಿದ: "ಆ ಕೊಂಬಿಂದು ರೊಕ್ಕ ಕೊಡಬ್ಯಾಡ್ರಿ, ಅದು ಪ್ರೀತಿಲೆ ಮಾಡೇನಿ."

ಗೋಡೆ ಕಡೆಯ ಕಣ್ಣು

ಪ್ಯಾಟರ್ನ್ ಕೊಂಡ ಮೊದಲನೆಯವರು ಸಿಂದಗಿಯ ಒಬ್ಬ ಗೃಹಿಣಿ. ಹೊಲಿಗೆಯಲ್ಲಿ ಪಳಗಿದ ಕೈ. ವಾರದಲ್ಲಿ ಫೋಟೊ ಕಳಿಸಿದರು. ಶೋಕೇಸಿನಲ್ಲಿ ಒಂದಲ್ಲ, ಎರಡು ಎತ್ತು ನಿಂತಿದ್ದವು, ಒಂದರ ಮುಖ ಈ ಕಡೆ, ಇನ್ನೊಂದರದು ಆ ಕಡೆ. ಗೆಜ್ಜೆ, ಗೊಂಡೆ, ಕನ್ನಡಿ ಎಲ್ಲ ಫಳಫಳ ಹೊಳೆಯುತ್ತಿದ್ದವು. ನಾನು ಖುಷಿಯಾಗಿ ಫೋನ್ ಮಾಡಿದೆ. ಅಲಂಕಾರಕ್ಕೆ ಇಷ್ಟು ಸಾಮಾನು ಹೇಗೆ ಕೂಡಿಸಿದಿರಿ, ನಾನು ಒಂದು ಎತ್ತಿನ ಲೆಕ್ಕವನ್ನಷ್ಟೇ ಕೊಟ್ಟಿದ್ದೆನಲ್ಲ ಎಂದು ಕೇಳಿದೆ.

ಒಂದು ಎತ್ತಿನ ಸಾಮಾನಿನಲ್ಲಿಯೇ ಎರಡು ಮಾಡಿದ್ದೇನೆ ಅಂದರು. ಶೋಕೇಸಿನಲ್ಲಿ ನಿಂತ ಗೊಂಬೆಯ ಒಂದು ಮಗ್ಗುಲು ಮಾತ್ರ ಕಾಣುತ್ತದೆಯಲ್ಲ, ಹಾಗಾಗಿ ಎರಡಕ್ಕೂ ಒಂದೊಂದು ಮಗ್ಗುಲಿಗೆ ಮಾತ್ರ ಅಲಂಕಾರ ಮಾಡಿದ್ದರು. ಅರ್ಧ ಝೂಲ, ಅರ್ಧ ಹಣೆಪಟ್ಟಿ, ಒಂದು ಕಣ್ಣು. "ಗ್ವಾಡಿ ಕಡಿ ಕಣ್ಣ ಯಾರ್ ನೋಡ್ತಾರ್ರೀ?" ಎಂದು ನನ್ನನ್ನೇ ಕೇಳಿದರು.

ಎಡಗೊಂಬಿನ ಗತಿ ಏನಾಯಿತು ಎಂದು ಮೆಲ್ಲಗೆ ವಿಚಾರಿಸಿದೆ. ಸೊಟ್ಟ ಬರುತ್ತಿತ್ತು, ಎರಡಕ್ಕೂ ಅದನ್ನು ಗೋಡೆ ಕಡೆಗೇ ಹಚ್ಚಿ ಹೊಲಿದಿದ್ದೇನೆ, ಚಿಂತೆ ಮಾಡಬೇಡಿ, ಹೊರಗಿನವರಿಗೆ ನಿಮ್ಮ ತಪ್ಪು ಗೊತ್ತಾಗುವುದಿಲ್ಲ ಅಂದರು.

ಖಾಲಿ ಹೊಟ್ಟೆ

ಬಸವನ ಬಾಗೇವಾಡಿಯಲ್ಲಿ ಮಹಿಳೆಯರ ಕೈಕೆಲಸದ ಪ್ರದರ್ಶನ ಇದೆ ಎಂದು ಸುದ್ದಿ ಬಂತು. ನನ್ನ ಕೈಯಾರೆ ಒಂದು ಎತ್ತು ಹೊಲಿದು, ಝೂಲದ ಅಂಚಿಗೆ ಕೌದಿಯ ಹೊಲಿಗೆ ಹಾಕಿಸಲು ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ಅಕ್ಕ. ಎಂಬತ್ತರ ಮೇಲಾಗಿದೆ. ಹಳೆಯ ಸೀರೆಗಳ ಕೌದಿ ಹೊಲಿಯುವುದರಲ್ಲಿ ಅವಳ ಸಮ ಯಾರೂ ಇಲ್ಲ.

ಎತ್ತನ್ನು ಮಡಿಲಲ್ಲಿಟ್ಟುಕೊಂಡು ಕನ್ನಡಕವಿಲ್ಲದೆ ಬೆರಳಿನಿಂದ ಸವರಿದಳು. ಎಡಗೊಂಬಿನ ಹತ್ತಿರ ಬೆರಳು ನಿಂತಿತು. "ಇದು ನಮ್ಮ ತಮ್ಮನ ಎತ್ತಲ್ಲೇನ ತಂಗಿ?" ಅಂದಳು. ನನಗೆ ಅಳು ಬಂತು. ಇಷ್ಟು ಜನರಲ್ಲಿ ಅವಳೊಬ್ಬಳೇ ಕೇಳಿದ್ದು.

ಎರಡು ದಿನ ಇಟ್ಟುಕೊಂಡು ಹೊಲಿದುಕೊಟ್ಟಳು. ಮನೆಗೆ ತಂದು ಕಪಾಟಿನಲ್ಲಿಟ್ಟೆ. ಮೂರನೆಯ ದಿನ ಬಾಗಿಲು ತೆಗೆದರೆ ಎತ್ತಿನ ಹೊಟ್ಟೆಯಿಂದ ನನ್ನ ರೇಷ್ಮೆ ಸೀರೆಯವರೆಗೆ ಇರುವೆಯ ಸಾಲು. ಹೊಟ್ಟೆಯ ಹೊಲಿಗೆ ಬಿಚ್ಚಿದೆ. ಹತ್ತಿಯ ನಡುವೆ ಒಂದು ಚೂರು ಹೋಳಿಗೆ ಇತ್ತು. ಕೌದಿ ಹೊಲಿಯುವಾಗ ಒಳಗೊಂದು ರೊಟ್ಟಿಯ ಚೂರು ಇಟ್ಟು ಹೊಲಿಯುವುದು ಅವಳ ಪದ್ಧತಿ, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ.

ಫೋನ್ ಮಾಡಿ ಇರುವೆ ಬಂದಿವೆ ಎಂದು ಹೇಳಿದೆ. ಎತ್ತು ದುಡಿಯುವ ಪ್ರಾಣಿ, ಅದಕ್ಕೆ ರೊಟ್ಟಿ ಸಾಲದು ಎಂದು ಹೋಳಿಗೆ ಇಟ್ಟೆ ಅಂದಳು. ಇರುವೆಗೆ ಏನು ಮಾಡಲಿ ಎಂದು ಮತ್ತೆ ಕೇಳಿದೆ. "ಎರಡ ದಿನ ಇರ್ತಾವು, ಉಂಡ್ ಹೊಕ್ಕಾವು. ಬೀಗರಂಗ ತಿಂಗಳಗಟ್ಲೆ ಕೂಡಾಂಗಿಲ್ಲ."

ನೋಡಿ ಕಲಿಯಿರಿ

ಹೋಳಿಗೆ ತೆಗೆದು, ಹತ್ತಿ ತುಂಬಿ, ಮತ್ತೆ ಹೊಲಿದು ಎತ್ತನ್ನು ಬಾಗೇವಾಡಿಗೆ ಒಯ್ದೆ. ನನಗೆ ಕೊಟ್ಟ ಟೇಬಲ್ಲಿಗೆ ಬಟ್ಟೆ ಹಾಸುತ್ತ ಪಕ್ಕಕ್ಕೆ ನೋಡಿದರೆ ಅಲ್ಲಿಯೂ ನನ್ನ ಎತ್ತು ನಿಂತಿದೆ. ಅದೂ ಜೋಡಿ. ಅದೇ ಹಣೆಪಟ್ಟಿ, ಅದೇ ಏಳು ಗೆಜ್ಜೆ, ಗೊಂಡೆಯ ಮೂರು ಬಣ್ಣವೂ ಅವೇ. ಕೊಂಬು ಮಾತ್ರ ನೆಟ್ಟಗೆ.

ಟೇಬಲ್ಲಿನ ಹಿಂದೆ ಝಳಕಿಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಈ ಪ್ಯಾಟರ್ನ್ ಎಲ್ಲಿಯದು ಎಂದು ಕೇಳಿದೆ. ಪಾಪ, ಮುಚ್ಚುಮರೆಯಿಲ್ಲದವಳು. ಇಂಡಿ ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಪ್ರಿಂಟ್ ಹಾಕಿಕೊಡುತ್ತಾರೆ ಅಂದಳು. ನನ್ನ ಎತ್ತನ್ನು ನೋಡಿ ಅವಳಿಗೆ ಕನಿಕರ ಬಂತು. ಕಾಕು ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು, ನಿಮ್ಮ ಪ್ರಿಂಟ್ ಕೆಟ್ಟಿದೆ, ಅವರಿಗೆ ಫೋನ್ ಮಾಡಿ ಸರಿಯಾದದ್ದು ಕೊಡಿಸಲೇ ಎಂದು ಕೇಳಿದಳು.

ಅಷ್ಟರಲ್ಲಿ ಬಹುಮಾನಕ್ಕೆ ಆರಿಸುವ ಹಿರಿಯರೊಬ್ಬರು ಬಂದರು. ಎರಡೂ ಟೇಬಲ್ ನೋಡಿದರು. ನನ್ನ ಎತ್ತನ್ನು ಎತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾಪಿ ಹೊಡ್ಯೂದಾದ್ರೂ ನೆಟ್ಟಗ ಹೊಡೀಬೇಕ್ರಿ ಅಕ್ಕಾರ. ಕೊಂಬ ನೋಡ್ರಿಲ್ಲೆ, ಸೊಟ್ಟ ಆಗೇತಿ."

ಇದು ನಾನೇ ಬರೆದದ್ದು ಅಂದೆ. ಎಲ್ಲರೂ ಹಾಗೆಯೇ ಅನ್ನುತ್ತಾರೆ ಅಂದರು. ಫೋನ್ ತೆಗೆದು, ಹೆಸರು, ಊರು ಸಮೇತ ನನ್ನ ಫೈಲನ್ನು ತೋರಿಸಿದೆ. ಅವರು ಹೆಸರು ಓದಲಿಲ್ಲ. ಕೊಂಬಿನ ಮೇಲೆ ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಿ, ಇದರಲ್ಲಿಯೂ ಸೊಟ್ಟವೇ ಇದೆಯಲ್ಲ, ಮತ್ತೆ ಇದನ್ನು ತೋರಿಸಿ ಏನು ಉಪಯೋಗ ಅಂದರು. ಆ ಎತ್ತು, ನಮ್ಮಪ್ಪ, ಹೆಬ್ಬೆರಳು ಎಂದು ನಾನು ಏನೇನೋ ಹೇಳಲು ಹೋದೆ. ಅವರು ಆಗಲೇ ಉಪ್ಪಿನಕಾಯಿ ಟೇಬಲ್ಲಿಗೆ ಹೋಗಿದ್ದರು.

ಝಳಕಿಯ ಹುಡುಗಿಗೆ ಮೊದಲನೆಯ ಬಹುಮಾನ ಬಂತು. ನನಗೆ ಸಮಾಧಾನಕರ ಬಹುಮಾನ ಎಂದು ಕರೆದರು. ಬಣ್ಣದ ಕಾಗದದಲ್ಲಿ ಸುತ್ತಿದ ಗಂಟನ್ನು ಅದೇ ಹಿರಿಯರು ಕೈಗಿಟ್ಟರು. ಬಿಚ್ಚಿದರೆ ಒಳಗೆ ಎತ್ತು, ಪ್ರದರ್ಶನ ನಡೆಸಿದ ಸಂಘದವರು ಆ ಹುಡುಗಿಯ ಜೋಡಿಯಲ್ಲಿ ಒಂದು ಎತ್ತನ್ನು ಕೊಂಡು ಬಹುಮಾನ ಮಾಡಿದ್ದರು. ಫೋಟೊದವನು ಇನ್ನೊಂದಿಷ್ಟು ನಗಿರಿ ಅಂದ. "ಮನಿಗಿ ಒಯ್ದು ಇದನ್ನ ನೋಡಿ ಕಲೀರಿ" ಎಂದು ಹಿರಿಯರು ಆಶೀರ್ವಾದ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಕೂಡ ನಕ್ಕೆ, ಇನ್ನೇನು ಮಾಡುವುದು.

ಮನೆಯಲ್ಲಿ ಗಂಡ ಕಂಪಾಸ್ ಡಬ್ಬಿ ತೆಗೆದು ಹೊಸ ಎತ್ತನ್ನು ಅಳೆದರು. ಎರಡೂ ಕಡೆ ಸಮ ಬಂತು. ಹತ್ತಕ್ಕೆ ಹತ್ತು, ಈಗ ನೋಡು ಕಲಿತೆ ಅಂದರು. ನಾನು ಮಾಡಿದ್ದಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ. ಒಂದು ಲೆಕ್ಕಕ್ಕೆ ನಾನು ಮಾಡಿದ್ದೂ ಹೌದಲ್ಲ.

ಅವರು ಸಾಲೆಗೆ ಹೋದ ಮೇಲೆ ಕತ್ತರಿ ತಂದು ಎಡಗೊಂಬಿನ ಹೊಲಿಗೆ ಬಿಚ್ಚಿದೆ. ಹನ್ನೆರಡು ಡಿಗ್ರಿ ಬಗ್ಗಿಸಿ ಮತ್ತೆ ಹೊಲಿದೆ. ಹೊಟ್ಟೆಯನ್ನೂ ಬಿಚ್ಚಿ ನೋಡಿದರೆ ಒಳಗೆ ಬರೀ ಹತ್ತಿ, ಪಾಪ ಝಳಕಿಯಿಂದ ಬಾಗೇವಾಡಿ, ಬಾಗೇವಾಡಿಯಿಂದ ಇಂಡಿ, ಖಾಲಿ ಹೊಟ್ಟೆಯಲ್ಲಿಯೇ ಬಂದಿತ್ತು. ಮನೆಯಲ್ಲಿ ಹೋಳಿಗೆ ಇರಲಿಲ್ಲ. ರೊಟ್ಟಿಯ ಚೂರಿಗೆ ಬೆಲ್ಲ ಹಚ್ಚಿ ಒಳಗಿಟ್ಟು ಹೊಲಿದು, ನನ್ನ ಎತ್ತಿನ ಪಕ್ಕದಲ್ಲಿ ನಿಲ್ಲಿಸಿದೆ.

ಮರುದಿನ ಮುಂಜಾನೆ ಗೋಡೆಯುದ್ದಕ್ಕೂ ಇರುವೆ. ಗಂಡ ಔಷಧ ಹೊಡೆಯುವ ಡಬ್ಬಿ ಹಿಡಿದು ಬಂದರು. ನಾನು ಅಡ್ಡ ನಿಂತೆ.

"ಇರ್ಲಿ ಬಿಡ್ರಿ. ಅವು ಏನೂ ತಿದ್ದಾಂಗಿಲ್ಲ."